ಮೂಗಿಗೆ ಊದುತ್ತಿದ್ದವಳು

ಕೂಸಿಗೆ ಎರೆಯುವುದು ನನ್ನ ಕೆಲಸವಾಗಿತ್ತು. ನಮ್ಮೂರು ಮಟಕಿಯಲ್ಲಿ ಬಾಣಂತಿ ಮನೆಗೆ ಬಂದಳೆಂದರೆ ಮೊದಲು ನನಗೆ ಹೇಳಿ ಕಳಿಸುತ್ತಿದ್ದರು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಕಡೆಗೆ ಅದರ ಮೂಗಿಗೆ ಬಾಯಿ ಹಚ್ಚಿ ಒಂದು ಸಲ ಊದುತ್ತಿದ್ದೆ. ಮೂಗಿನೊಳಗೆ ಹೋದ ಎಣ್ಣೆ, ನೀರು ಹೊರಗೆ ಬರಲಿ ಅಂತ. ಊದುವುದನ್ನು ಕಲಿಸಿದವಳು ನನ್ನ ಅತ್ತೆ. ಅವಳಿಗೆ ಯಾರು ಕಲಿಸಿದರೋ ಗೊತ್ತಿಲ್ಲ. ಒಂದು ದಿನ ಮರೆತರೆ ಬಾಣಂತಿಯೇ ಕೇಳುತ್ತಿದ್ದಳು, ಇವತ್ತು ಯಾಕೆ ಊದಲಿಲ್ಲ ಅಂತ. ಆಮೇಲೆ ಲೋಬಾನದ ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ತಾಯಿಯ ಮಗ್ಗುಲಿಗೆ ಹಾಕಿದರೆ ಮೂರು ತಾಸು ಕೂಸು ಮಿಸುಕುತ್ತಿರಲಿಲ್ಲ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನನಗೆ ಗಟ್ಟಿಯಾಗಿ ಬರುತ್ತಿದ್ದ ಕೆಲಸ ಅದೊಂದೇ.

ಆ ವರ್ಷ ತೊಗರಿ ರಾಶಿ ಮಾಡುವಾಗ ನನಗೆ ಕೆಮ್ಮು ಹಿಡಿಯಿತು. ಜ್ವರ ಇಲ್ಲ. ಆದರೆ ಕೆಮ್ಮು ಬಂತೆಂದರೆ ಬಿಡುತ್ತಿರಲಿಲ್ಲ, ಬಗ್ಗಿ ಕೆಮ್ಮಿ ಕೆಮ್ಮಿ ಉಂಡದ್ದು ಹೊರಗೆ ಬರುತ್ತಿತ್ತು. ರಾಶಿಯ ಧೂಳು ಅಂದೆ. ಮನೆಯವರೂ ಧೂಳು ಅಂದರು. ಸೊಸೆ ಮಾತ್ರ ದವಾಖಾನೆಗೆ ಹೋಗು ಅಂದಳು. ಕೆಮ್ಮಿಗೆ ಯಾರು ದವಾಖಾನೆಗೆ ಹೋಗುತ್ತಾರೆ ಅಂತ ಅವಳ ಬಾಯಿ ಮುಚ್ಚಿಸಿದೆ.

ಅದೇ ಹೊತ್ತಿಗೆ ಮೊಮ್ಮಗಳು ಹೆತ್ತಳು. ಮಗನ ಮಗಳು, ಯಡ್ರಾಮಿಗೆ ಕೊಟ್ಟಿದ್ದೇವೆ, ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಕೂಸು. ಆಳಂದದ ದವಾಖಾನೆಯಿಂದ ಮನೆಗೆ ಬಂದ ದಿನದಿಂದ ನಾನೇ ಎರೆದೆ. ಬೇರೆಯವರ ಮನೆಯ ಕೂಸುಗಳಿಗೆ ಎರೆದವಳು ನಮ್ಮ ಮನೆಯದನ್ನು ಬಿಡುತ್ತೇನೆಯೇ? ದಿನಾ ಎರೆದೆ, ದಿನಾ ಊದಿದೆ. ಕೆಮ್ಮು ಬಂದಾಗ ಮುಖ ಆಚೆ ತಿರುಗಿಸಿ ಕೆಮ್ಮುತ್ತಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ.

ಕೂಸಿಗೆ ಇಪ್ಪತ್ತು ದಿನ ಆಗಿರಬಹುದು. ಮೊಲೆ ಕುಡಿಯುತ್ತಿದ್ದದ್ದು ಬಾಯಿ ಬಿಟ್ಟಿತು, ಸಣ್ಣಗೆ ನಾಲ್ಕು ಸಲ ಕೆಮ್ಮಿತು, ಮುಖ ನೇರಳೆ ಹಣ್ಣಿನ ಹಾಗೆ ಆಯಿತು. ಉಸಿರು ನಿಂತಿತು. ತಲೆ ಕೆಳಗೆ ಮಾಡಿ ಬೆನ್ನು ತಟ್ಟಿದೆ, ಮತ್ತೆ ಬಂತು. ಸಂಜೆಯೊಳಗೆ ಮೂರು ಸಲ ಹೀಗಾಯಿತು. ಗಾಡಿ ಮಾಡಿಕೊಂಡು ಕಲಬುರಗಿಗೆ ಹೋದೆವು.

ಅಲ್ಲಿ ನೋಡಿದವಳು ಸಣ್ಣ ವಯಸ್ಸಿನ ಡಾಕ್ಟರು, ಮಾತು ಕೇಳಿದರೆ ಅಫಜಲಪುರ ಕಡೆಯವಳು. ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯೇ ಅಂತ ಕೇಳಿದಳು. ಮಗ ಇಲ್ಲ ಅಂದ. ಮೊಮ್ಮಗಳೂ ಇಲ್ಲ ಅಂದಳು. ಸುಳ್ಳು ಹೇಳಿದ್ದಲ್ಲ, ನನ್ನ ಕೆಮ್ಮು ಅವರ ಲೆಕ್ಕಕ್ಕೇ ಇರಲಿಲ್ಲ. ಆವಾಗ ನನಗೆ ಕೆಮ್ಮು ಬಂತು. ತಡೆಯಲು ಆಗಲಿಲ್ಲ. ಗೋಡೆ ಹಿಡಿದು ನಿಂತು ಪೂರ್ತಿ ಕೆಮ್ಮಿ ಮುಗಿಸಿದೆ.

"ಆಯಿ, ಎಷ್ಟ ದಿನ ಆತ್ರಿ ಇದು?"

"ರಾಶಿ ಧೂಳರಿ ಅದು," ಅಂದೆ.

"ಧೂಳ ಹೌದೋ ಅಲ್ಲೋ ನೋಡೋಣು. ಮೂಗ ತೋರಸ್ರಿ."

ಅರಳೆ ಸುತ್ತಿದ ಉದ್ದ ಕಡ್ಡಿಯನ್ನು ನನ್ನ ಮೂಗಿನ ಒಳಗೆ ತುದಿಯವರೆಗೆ ಹಾಕಿ ತೆಗೆದಳು. ಕೂಸಿನ ಮೂಗಿಗೂ ಹಾಗೇ ಮಾಡಿದಳು. ಎರಡು ದಿನಕ್ಕೆ ಉತ್ತರ ಬಂತು. ಇಬ್ಬರಿಗೂ ಒಂದೇ, ನಾಯಿಕೆಮ್ಮು.

ಮೊಮ್ಮಗಳು ಬೆಂಚಿನ ಮೇಲೆ ಕೂತಿದ್ದಳು. ನನ್ನ ಕಡೆ ನೋಡದೆ ಹೇಳಿದಳು. "ಆಯಿ, ನೀ ದಿನಾ ಊದತಿದ್ದಿ."

ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ಡಾಕ್ಟರಿಗೆ ಜಗಳ ಮಾಡಿದ ಹಾಗೇ ಕೇಳಿದೆ. ಸಣ್ಣವಳಿದ್ದಾಗ ನನಗೆ ನಾಯಿಕೆಮ್ಮು ಬಂದು ಹೋಗಿದೆ, ಮತ್ತೆ ಹೇಗೆ ಬಂತು? ಆ ಶಕ್ತಿ ವರ್ಷ ಹೋದ ಹಾಗೆ ಸವೆಯುತ್ತದೆ ಅಂದಳು. ಕೂಸಿಗೆ ಯಾಕೆ ಸೂಜಿ ಹಾಕಿರಲಿಲ್ಲ? ಅದಕ್ಕೆ ಒಂದೂವರೆ ತಿಂಗಳಾಗಬೇಕು, ಅಲ್ಲಿಯವರೆಗೆ ಸುತ್ತಲಿನವರೇ ಕಾಯಬೇಕು ಅಂದಳು. ಸೂಜಿ ಹಾಕಿಸಿಕೊಂಡವರ ವಿಷಯವನ್ನೂ ಅವಳೇ ಹೇಳಿದಳು. ಸೂಜಿಯ ಶಕ್ತಿ ರಕ್ತದಲ್ಲಿ ತಿರುಗುತ್ತದೆ, ರೋಗ ಜೋರಾಗಲು ಬಿಡುವುದಿಲ್ಲ. ಆದರೆ ಮೂಗಿನ ಒಳಗಿನ ಹಸಿ ಚರ್ಮದ ಮೇಲೆ ಅದರ ಕಾವಲು ಕಡಿಮೆ. ಕ್ರಿಮಿ ಅಲ್ಲಿ ಸುಮ್ಮನೆ ಕೂತಿರಬಹುದು. ಹೊತ್ತವನಿಗೆ ಏನೂ ಆಗದಿದ್ದರೂ ಪಕ್ಕದವರಿಗೆ ದಾಟಬಹುದು.

ಅಂದರೆ ಕಾವಲುಗಾರ ಪಡಸಾಲೆಯಲ್ಲಿ ಕೂತಿದ್ದಾನೆ, ತಲೆಬಾಗಿಲು ತೆರೆದೇ ಇದೆ ಅಂದೆ. ಹೌದು ಅಂದಳು. ಪೋಲಿಯೋಕ್ಕೆ ಬಾಯಿಗೆ ಹನಿ ಹಾಕಿದ ಹಾಗೆ ಇದಕ್ಕೆ ಮೂಗಿಗೇ ಹನಿ ಹಾಕಲು ಏನು ಧಾಡಿ ಅಂತ ಕೇಳಿದೆ. ಅದನ್ನೇ ಮಾಡಲು ಕೆಲವರು ಹತ್ತಿದ್ದಾರೆ, ಮೂಗಿಗೆ ಬಿಡುವ ಲಸಿಕೆಯನ್ನು ಪರೀಕ್ಷೆ ಮಾಡುತ್ತಿದ್ದಾರೆ, ಈ ಕೆಮ್ಮಿನದು ನಮ್ಮ ದವಾಖಾನೆಗೆ ಇನ್ನೂ ಬಂದಿಲ್ಲ ಅಂದಳು. ಸರಿಯಾದದ್ದೇ ಕೇಳಿದೆ ಅಂತ ಹೊಗಳಿದಳು. ಹೊಗಳಿಕೆ ತಗೊಂಡು ಏನು ಮಾಡಲಿ? ಕೂಸು ಗಾಜಿನ ಆಚೆ ನಳಿಕೆ ಹಾಕಿಕೊಂಡು ಬಿದ್ದಿತ್ತು. ತಾಯಿಯ ಮೊದಲ ಹಳದಿ ಹಾಲು ಗಂಟಲಿಗೂ ಹೊಟ್ಟೆಗೂ ಒಂದು ಕಾವಲು ಸವರುತ್ತದೆ ಅಂತಲೂ ಹೇಳಿದಳು. ಆ ಹಾಲು ಕೆಟ್ಟದ್ದು ಅಂತ ಹಿಂದೆ ಎಷ್ಟೋ ಬಾಣಂತಿಯರಿಂದ ನಾನು ಹಿಂಡಿಸಿ ಚೆಲ್ಲಿಸಿದ್ದೇನೆ. ಅದನ್ನು ಅವಳಿಗೆ ಹೇಳಿದೆ. ಅವಳು ಕಾಗದದಲ್ಲಿ ಏನೋ ಬರೆಯುತ್ತ ಕೂತಳು.

ಮನೆಯವರಿಗೆಲ್ಲ ಗುಳಿಗೆ ಕೊಟ್ಟರು, ನುಂಗಿದೆವು. ಹದಿನಾರು ದಿನಕ್ಕೆ ಕೂಸನ್ನು ಬಿಟ್ಟರು, ಉಳಿಯಿತು. ಮೊಮ್ಮಗಳು ದವಾಖಾನೆಯಿಂದ ನೇರ ಯಡ್ರಾಮಿಗೆ ಹೋದಳು. ಐದು ತಿಂಗಳು ತವರಿನಲ್ಲಿರಬೇಕಾದ ಬಾಣಂತಿ. ತಡೆಯಲು ನನಗೆ ಬಾಯಿ ಇರಲಿಲ್ಲ. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದೆವು.

ಊರಿಗೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ನನ್ನನ್ನು ಕರೆಯುವುದು ಬಿಟ್ಟರು. ನೀರು ಹಿಡಿಯುವಲ್ಲಿ ಹಿಂದಿನ ಮನೆಯವಳು, "ಊದೂ ಚಟ ಇನ್ನಾ ಅದ ಅಂದ್ರ ಒಲಿ ಊದು ಬೇ," ಅಂದಳು. ನಾಲ್ಕು ಜನ ನಕ್ಕರು. ಅವಳ ಇಬ್ಬರು ಮಕ್ಕಳಿಗೆ ಎರೆದವಳು ನಾನು. ಕೊಡ ತುಂಬಿಕೊಂಡು ಬಂದೆ.

ಮುಂಜಾನೆ ಹೊತ್ತೇ ಹೋಗುತ್ತಿರಲಿಲ್ಲ. ಹತ್ತರ ಸುಮಾರಿಗೆ ಓಣಿಯಲ್ಲಿ ಲೋಬಾನದ ವಾಸನೆ ಬಂದರೆ, ಯಾವ ಮನೆಯಲ್ಲಿ ಕೂಸಿಗೆ ಎರೆದರು ಅಂತ ತಿಳಿಯುತ್ತಿತ್ತು. ಮನೆ ತುಂಬ ಜನ ಇದ್ದರು, ಮಾತೂ ಆಡುತ್ತಿದ್ದರು. ಆದರೆ ನಾನು ಕೆಮ್ಮಿದರೆ ಮಾತು ನಿಲ್ಲುತ್ತಿತ್ತು. ಇನ್ನು ಅದು ಯಾರಿಗೂ ಹತ್ತುವುದಿಲ್ಲ ಅಂತ ಡಾಕ್ಟರು ಹೇಳಿದ್ದಳು. ಆದರೂ ಹಿತ್ತಲಿಗೆ ಹೋಗಿ ಕೆಮ್ಮುವುದು ರೂಢಿಯಾಯಿತು. ಕೂಸು ಮಗುಚಿತು, ಕೂತಿತು ಅನ್ನುವುದೆಲ್ಲ ಸೊಸೆಯ ಫೋನಿನಲ್ಲಿ ಕೇಳಿದ್ದು. ಫೋನು ಆಯಿಗೆ ಕೊಡು ಅಂತ ಮೊಮ್ಮಗಳು ಒಮ್ಮೆಯೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಆ ಕೂಸನ್ನು ಮತ್ತೆ ಮುಟ್ಟಲು ಬಿಡುತ್ತಾಳೋ ಇಲ್ಲವೋ, ನನಗೆ ಬೇಕಾಗಿದ್ದದ್ದು ಅದೊಂದೇ.

ಒಂಬತ್ತು ತಿಂಗಳಿಗೆ ಜಾವಳ ಇಟ್ಟರು. ಮೊಮ್ಮಗಳು ತಾನಾಗಿ ಫೋನು ನನಗೆ ಕೊಡಿಸಿದಳು. ಕೂದಲು ತೆಗೆಸಿದ ಮೇಲೆ ಕೂಸಿಗೆ ನೀನೇ ಎರಿ, ಬಾ ಅಂದಳು. ಮಗ ಸೊಸೆ ಹಿಂದಿನ ದಿನವೇ ಹೋದರು, ನಾನು ಬೆಳಿಗ್ಗೆ ಹೊರಟೆ. ಕಲಬುರಗಿ ದಾಟುವಾಗ ಮೂಗು ಸೋರತೊಡಗಿತು. ಜೇವರ್ಗಿಯಲ್ಲಿ ಇಳಿದಾಗ ಸಾಲಾಗಿ ಐದು ಸೀನು. ಯಡ್ರಾಮಿ ಬಸ್ಸು ಎದುರಿಗೇ ನಿಂತಿತ್ತು. ಬರೀ ನೆಗಡಿ ಇರಬಹುದು. ಆ ಕೆಮ್ಮನ್ನೂ ಬರೀ ಧೂಳು ಅಂದುಕೊಂಡಿದ್ದೆನಲ್ಲ. ಫೋನು ಹಚ್ಚಿದೆ.

"ಜೇವರ್ಗಿಯಾಗ ಇದ್ದೇನಿ. ಮೂಗ ಸೋರಾಕತ್ತದ."

ಆ ಕಡೆ ಬೀಗರ ಗದ್ದಲ ಕೇಳಿಸುತ್ತಿತ್ತು.

"ಕೆಮ್ಮ?" ಅಂದಳು.

"ಇನ್ನಾ ಇಲ್ಲ. ನಾಳಿಗಿ ಬರಬಹುದು. ತಿರಗಿ ಹೋಗತೇನಿ."

ಏನೂ ಆಗುವುದಿಲ್ಲ, ಬಾ ಅಂತ ಅನ್ನಲಿ ಅನ್ನಿಸಿತ್ತು. ಅಂದಿದ್ದರೆ ಅವಳ ಮೇಲೆ ಸಿಟ್ಟು ಬರುತ್ತಿತ್ತು.

"ಕಮ್ಮಿ ಆದ ಮ್ಯಾಲ ಬಾ, ಆಯಿ," ಅಂದಳು.

ಯಡ್ರಾಮಿ ಬಸ್ಸು ಹೋಯಿತು. ಕಲಬುರಗಿಯದು ಬರುವವರೆಗೆ ಕಲ್ಲಿನ ಮೇಲೆ ಕೂತಿದ್ದೆ. ಮನೆಗೆ ಬಂದು ಬೀಗ ತೆಗೆದೆ, ಒಳಗೆ ಯಾರೂ ಇರಲಿಲ್ಲ. ಜಾವಳ ನನ್ನನ್ನು ಬಿಟ್ಟೇ ಆಯಿತು. ನೆಗಡಿ ಪೂರ್ತಿ ಹೋಗಲು ಹನ್ನೆರಡು ದಿನ ಹಿಡಿಯಿತು. ಮತ್ತೂ ಎರಡು ದಿನ ನೋಡಿ ಹೋದೆ.

ಕೂಸು ನನ್ನ ಗುರುತು ಹಿಡಿಯಲಿಲ್ಲ, ಮುಖ ನೋಡಿ ಅತ್ತಿತು. ಬಚ್ಚಲಲ್ಲಿ ಹಳೆಯ ರೂಢಿಯಂತೆ ಕಾಲು ಚಾಚಿ ಕೂತೆ. ಮೊಮ್ಮಗಳು ಬಾಗಿಲಲ್ಲಿ ನಿಂತಳು. ಕೂಸನ್ನು ಕೊಡಲಿಲ್ಲ.

"ನಾ ಹಿಡೀತೇನಿ. ನೀ ನೀರ ಹಾಕು."

ಕಾಲು ಮಡಚಿ ಎದ್ದು ಅವಳಿಗೆ ಜಾಗ ಬಿಟ್ಟೆ. ನೀರು ಹಾಕಲು ಯಾರಾದರೂ ನಡೆಯುತ್ತದೆ, ಎರೆಯುವುದೆಂದರೆ ಹಿಡಿಯುವುದು. ಅದು ಅವಳಿಗೂ ಗೊತ್ತು. ಚೊಂಬು ತಗೊಂಡು ಬಿಸಿ ನೋಡಿ ಹಾಕಿದೆ. ಹಂಡೆಯಲ್ಲಿ ಇದ್ದಷ್ಟೂ ಹಾಕಿದೆ.