ಪಂಕ್ತಿಗೆ ಕೂರದ ಪ್ರಭುದೇವ

ಗುಬ್ಬಿಯಲ್ಲಿ ನೆಂಟರಿಷ್ಟರ ಪೈಕಿ ಯಾರ ಮದುವೆಯಾದರೂ ಊಟದ ಹಾಲ್‌ನ ಬಾಗಿಲಲ್ಲಿ ಕುರ್ಚಿ ಹಾಕಿ ಪ್ರಭುದೇವನನ್ನು ಕೂರಿಸುತ್ತಿದ್ದರು. ಉಣ್ಣಲು ಹೋಗುವವರು ಅವನಿಗೆ ಕೈಮುಗಿದು ಒಳಗೆ ಹೋಗುತ್ತಿದ್ದರು. ಹೊರಗೆ ಎಲ್ಲಿಯೂ ಒಂದು ಅಗುಳು ಮುಟ್ಟುವುದಿಲ್ಲವೆಂದು ಸಣ್ಣ ವಯಸ್ಸಿನಲ್ಲೇ ಹರಕೆ ಹೊತ್ತವನು, ಮದುವೆಯನ್ನೂ ಬಿಟ್ಟವನು, ಅಂಥವನ ಮುಖ ನೋಡಿ ಉಂಡರೆ ಪುಣ್ಯ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಹೊಟ್ಟೆ ಬಿರಿಯುವಂತೆ ಉಂಡು, ಎಲೆಯಡಿಕೆ ಮೆಲ್ಲುತ್ತ ಬಂದು ಹಸಿದವನ ಕಾಲು ಮುಟ್ಟುವುದಕ್ಕೆ ನಮ್ಮ ಜನಕ್ಕೆ ನಾಚಿಕೆಯೆಂಬುದಿಲ್ಲ. ಪ್ರಭುದೇವ ಕುರ್ಚಿಯಲ್ಲಿ ಕೂತು ಒಳಗೆ ಬಡಿಸುವುದನ್ನೇ ನೋಡುತ್ತಿದ್ದ.

ಹರಕೆಯೂ ಇಲ್ಲ, ಮಣ್ಣೂ ಇಲ್ಲ. ಅವನು ಹುಟ್ಟಿದಾಗ ಮಲ ಹೋಗುವ ದಾರಿಯೇ ಇರಲಿಲ್ಲ. ಹಸುಗೂಸಾಗಿದ್ದಾಗಲೇ ಬೆಂಗಳೂರಿಗೆ ಹೊತ್ತೊಯ್ದು ಆಪರೇಷನ್ ಮಾಡಿಸಿದ್ದರು. ದಾರಿಯೇನೋ ಆಯಿತು, ಹಿಡಿತ ಬರಲಿಲ್ಲ. ತಿಂದದ್ದು ತನಗೆ ಬೇಕಾದಾಗ ಹೊರಗೆ ಬರುತ್ತಿತ್ತು, ಬಂದದ್ದು ಅವನಿಗೆ ಗೊತ್ತೂ ಆಗುತ್ತಿರಲಿಲ್ಲ. ಸ್ಕೂಲಿನಲ್ಲಿ ಅವನಿಗೆ ನಾತ ಎಂದೇ ಹೆಸರು. ಹುಡುಗರು ಹಾಗೆ ಕೂಗಿದಾಗ ಮೇಷ್ಟ್ರೂ ನಗುತ್ತಿದ್ದರು.

ಹರಕೆ ಹುಟ್ಟಿದ್ದು ಹೆಬ್ಬೂರಿನ ಚಿಕ್ಕಮ್ಮನ ಮನೆಯ ಗೃಹಪ್ರವೇಶದಲ್ಲಿ. ಪಂಕ್ತಿಯಲ್ಲಿ ಕೂತಿದ್ದ ಹುಡುಗ ಎರಡನೇ ಸಲ ಪಾಯಸ ಹಾಕಿಸಿಕೊಂಡ. ಅಷ್ಟರಲ್ಲಿ ಚಡ್ಡಿ ಕೆಟ್ಟಿತು. ಎಡಬಲದವರು ಮೂಗು ಮುಚ್ಚಿಕೊಂಡು ಎಲೆ ಬಿಟ್ಟು ಎದ್ದರು. ತಾಯಿ ಗಂಗಾಂಬಿಕೆ ಅವನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದು ನೀರು ಸುರಿದಳು, ಅದೇ ಒದ್ದೆ ಚಡ್ಡಿಯಿಂದ ಬಾರಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದು, ಮಗುವಿಗೆ ಹೊರಗೆ ಉಣ್ಣಬಾರದೆಂಬ ಹರಕೆಯಿತ್ತು, ಪಾಪಿ ನಾನು ಮರೆತು ಕೂರಿಸಿದೆ, ಮನೆದೇವರು ತೋರಿಸಿಬಿಟ್ಟ ಎಂದಳು. ಮೂಗು ಮುಚ್ಚಿಕೊಂಡವರೆಲ್ಲ ಕೈ ತೆಗೆದು ಗಲ್ಲ ಗಲ್ಲ ಬಡಿದುಕೊಂಡರು. ಅವತ್ತು ಆಕೆಗೆ ಬೇರೆ ದಾರಿ ಇರಲಿಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಸುಳ್ಳಿಗೆ ಮರ್ಯಾದೆ ಸಿಕ್ಕಿಬಿಟ್ಟರೆ ಅದನ್ನು ಇಳಿಸುವುದು ಕಷ್ಟ.

ಅಣ್ಣ ಚನ್ನವೀರಯ್ಯನ ತೋಟದಲ್ಲಿ ಬೋರ್‌ವೆಲ್‌ಗೆ ನೀರು ಬಿದ್ದಾಗ ಅದೂ ಹರಕೆಯ ಲೆಕ್ಕಕ್ಕೇ ಹೋಯಿತು. ಪ್ರಭುದೇವ ಗಂಗಾಧರ್ ಎಂಬವರ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು, ನಲ್ಲಿ ಮಾರುತ್ತ ದೊಡ್ಡವನಾದ. ಹಗಲೆಲ್ಲ ಖಾಲಿ ಹೊಟ್ಟೆ. ಸಂಜೆ ಮನೆಗೆ ಬಂದು ಹಿಡಿ ಅನ್ನ ಮಜ್ಜಿಗೆ ಉಂಡು ಕಕ್ಕಸಿನ ಹತ್ತಿರವೇ ಇರುತ್ತಿದ್ದ. ಅಷ್ಟಾದರೂ ಬಟ್ಟೆ ಕೆಡುತ್ತಿತ್ತು. ಗಂಗಾಂಬಿಕೆ ಅವನ್ನೆಲ್ಲ ಯಾರೂ ಏಳುವ ಮೊದಲೇ ಒಗೆದು ಹಾಕುತ್ತಿದ್ದಳು. ಅವನ ಕೂದಲು ನೆರೆತರೂ ಅದು ನಿಂತಿರಲಿಲ್ಲ.

ಹೋದ ವರ್ಷ ಅಂಗಡಿಯಲ್ಲಿ ಪೈಪಿನ ಕಟ್ಟು ಎತ್ತಲು ಹೋಗಿ ತಲೆ ತಿರುಗಿ ಬಿದ್ದ. ಗಂಗಾಧರ್ ತುಮಕೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಲ್ಲಿನ ಸರ್ಜನ್ ಹಳೆಯ ಹೊಲಿಗೆಯ ಗುರುತು ನೋಡಿ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಇನ್ನೊಂದು ಆಪರೇಷನ್ನಿನಿಂದ ಹಿಡಿತ ಬರುವ ಹಾಗಿಲ್ಲ, ಆದರೆ ದಿನಾ ಬೆಳಿಗ್ಗೆ ದೊಡ್ಡ ಕರುಳನ್ನು ಉಪ್ಪುನೀರಿನಿಂದ ತೊಳೆದುಬಿಟ್ಟರೆ ಮಾರನೆಯ ಬೆಳಗಿನವರೆಗೆ ಹೊರಗೆ ಬರಲು ಏನೂ ಇರುವುದಿಲ್ಲ ಎಂದರು. ವಾಷರ್ ಹೋದ ನಲ್ಲಿಗೆ ಮೇಲಿನ ಟ್ಯಾಂಕ್ ಖಾಲಿ ಮಾಡಿದರೆ ಸೋರುವುದು ನಿಲ್ಲುತ್ತದೆ, ಇಷ್ಟೇ ತಾನೇ ಎಂದುಕೊಂಡ ಪ್ರಭುದೇವ. ಇದನ್ನು ಹೇಳುವವರು ಒಬ್ಬರೂ ಇಲ್ಲದೆ ತನ್ನ ಆಯಸ್ಸು ಅರ್ಧ ಕಳೆಯಿತಲ್ಲ ಎಂದು ಅಲ್ಲೇ ಅತ್ತ.

ಅಲ್ಲಿನ ನರ್ಸ್ ಆಶಾರಾಣಿ ಅವನಿಗೆ ಎಲ್ಲ ಕಲಿಸಿದಳು. ನೀರಿನ ಚೀಲ ಎಷ್ಟು ಎತ್ತರಕ್ಕೆ ತೂಗುಹಾಕಬೇಕು, ಕೊಳವೆ ಎಷ್ಟು ಒಳಗೆ ಹೋಗಬೇಕು, ಆಮೇಲೆ ಪೂರಾ ಇಳಿಯುವವರೆಗೆ ಹೇಗೆ ಅವಸರ ಮಾಡದೆ ಕೂರಬೇಕು. ಮೊದಮೊದಲು ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ನೀರಿನ ಅಳತೆ ಹೆಚ್ಚುಕಡಿಮೆ ಮಾಡುತ್ತ ಬಂದ ಮೇಲೆ ಒಂದು ದಿನ ಸಂಜೆಯವರೆಗೂ ಚಡ್ಡಿ ಒಣಗಿಯೇ ಇತ್ತು. ಮಾರನೆಯ ದಿನವೂ. ಬೆಳಗಿನ ಬಟ್ಟೆಯ ರಾಶಿ ಇಲ್ಲವಾದಾಗ ಗಂಗಾಂಬಿಕೆ, ನನ್ನ ಕೈಗೆ ಬಿಡುಗಡೆಯಾಯಿತು ಎಂದಳು. ಪ್ರಭುದೇವ ಮನೆಯಲ್ಲಿ ಮೂರು ಹೊತ್ತು ಉಣ್ಣತೊಡಗಿದ. ಇನ್ನು ಅವನಿಗೆ ಬೇಕಾಗಿದ್ದು ಒಂದೇ: ಅಣ್ಣನ ಮಗಳು ಭೂಮಿಕಾಳ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಆಸ್ಪತ್ರೆಗೆ ಹೋದಾಗ ಆಶಾರಾಣಿಗೆ ಇದನ್ನು ಹೇಳಿದ್ದ. ಏನೇನು ತಿಂದಿರಿ ಎಂದು ಬಂದು ಹೇಳಬೇಕು ಎಂದಿದ್ದಳು ಅವಳು.

ಮದುವೆ ಶೆಟ್ಟಿಹಳ್ಳಿಯ ಛತ್ರದಲ್ಲಿ. ಗಂಡಿನವರು ಕುಣಿಗಲ್‌ನವರು. ಹರಕೆ ಹೊತ್ತವರ ಮನೆತನ ಎಂದೇ ಅವರು ಹೆಣ್ಣು ಒಪ್ಪಿದ್ದು. ಪ್ರಭುದೇವ ಮನೆಯಲ್ಲಿ ಬೆಳಿಗ್ಗೆ ಬೇಗ ಎದ್ದು ತೊಳೆದುಕೊಂಡು, ಮೊದಲ ಸಲ ಬಿಳಿ ಪಂಚೆ ಉಟ್ಟುಕೊಂಡು ಬಂದಿದ್ದ. ಬಾಗಿಲಲ್ಲಿ ಹಾಕಿದ್ದ ಕುರ್ಚಿ ದಾಟಿ ಒಳಗೆ ಹೋಗಿ ಪಂಕ್ತಿಯ ಕೊನೆಯಲ್ಲಿ ಕೂತ. ಎಲೆ ಬಂತು. ನೀರು ಚಿಮುಕಿಸಿ ಒರೆಸಿದ. ಉಪ್ಪು, ಕೋಸಂಬರಿ, ಪಲ್ಯ ಬಿದ್ದವು. ಹೋಳಿಗೆಯ ತಟ್ಟೆ ಹತ್ತಿರ ಬಂದಾಗ ಹಿಂದಿನಿಂದ ಗಂಗಾಂಬಿಕೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಗ್ಗಿದಳು.

"ಎದ್ದೇಳು ಮಗಾ."

ಬೆಳಿಗ್ಗೆ ತೊಳೆದುಕೊಂಡು ಬಂದಿದ್ದೇನೆ, ಏನೂ ಆಗುವುದಿಲ್ಲ ಎಂದ ಅವನು, ಮೆಲ್ಲಗೆ.

"ಆಗೋದು ನಿಂಗಲ್ಲ ಕಣೋ. ಹರಕೆ ಮುರುದ್ರೆ ಭೂಮಿಕಾಗೆ ತಟ್ಟುತ್ತೆ."

"ಯಾವ ಹರಕೆ ಅವ್ವಾ? ನೀನೇ ಕಟ್ಟಿದ್ದಲ್ವಾ?"

"ಕಟ್ಟಿದ್ದು ನಾನೇ. ಇಷ್ಟು ವರ್ಷ ನೀನು ನಡ್ಸಿದೀಯ. ಈಗ ಅದು ಹರಕೆನೇ."

ತಮಾಷೆಗೆ ಹೇಳುತ್ತಿದ್ದಾಳೇನೋ ಎಂದು ಅವನು ತಿರುಗಿ ನೋಡಿದ. ಆಕೆಯ ಕಣ್ಣಿನಲ್ಲಿ ನಿಜವಾದ ಭಯವಿತ್ತು. ತಾನು ಹೇಳಿದ ಸುಳ್ಳನ್ನು ಆಕೆ ಯಾವಾಗಲೋ ನಂಬಿಬಿಟ್ಟಿದ್ದಳು. ಪ್ರಭುದೇವ ಕೈ ಎಲೆಯ ಮೇಲೆಯೇ ಇಟ್ಟುಕೊಂಡು ಕೂತ.

"ಏಳ್ದಿದ್ರೆ, ಇಷ್ಟು ವರ್ಷ ನೀನು ಯಾಕೆ ಉಣ್ತಿರ್ಲಿಲ್ಲ ಅಂತ ನಾನೇ ಎಲ್ರಿಗೂ ಹೇಳ್ತೀನಿ. ಆಮ್ಯಾಕೆ ಭೂಮಿಕಾನ ಹೊಟ್ಟೇಲೂ ಹಂಗೇ ಹುಟ್ತವೆ ಅಂತ ಬೀಗ್ರು ಏನಂತಾರೋ ನೀನೇ ಕೇಳ್ಕೋ."

ಅತ್ತ ಕಡೆ ಭೂಮಿಕಾ ಗಂಡನ ಪಕ್ಕ ಕೂತು ನಗುತ್ತಿದ್ದಳು. ಪ್ರಭುದೇವ ಎದ್ದ. ಗಂಗಾಂಬಿಕೆ ಎಲ್ಲರಿಗೂ ಕೇಳುವ ಹಾಗೆ, ಎಲೆ ಹರಸಿ ಎದ್ದ ನನ್ನ ಮಗ ಎಂದಳು. ಬೀಗರು ಎಂಜಲು ಕೈಯನ್ನು ಹಿಂದಕ್ಕಿಟ್ಟುಕೊಂಡು ತಲೆ ಬಗ್ಗಿಸಿದರು. ಅವನ ಎಲೆಯನ್ನು ಮಡಿಸಿ ಕಸದ ಡ್ರಮ್ಮಿಗೆ ಹಾಕಿದರು. ಊಟ ಮುಗಿದ ಮೇಲೆ ಗಂಡು ಹೆಣ್ಣು ಇಬ್ಬರನ್ನೂ ಕರೆತಂದು, ಕುರ್ಚಿಯಲ್ಲಿ ಕೂತಿದ್ದ ಅವನ ಕಾಲಿಗೆ ಬೀಳಿಸಿದರು.

ಮುಂದಿನ ವಾರ ಅವನು ಆಸ್ಪತ್ರೆಗೆ ಹೋದ. ಮದುವೆಯಲ್ಲಿ ಏನೇನಿತ್ತು ಎಂದು ಆಶಾರಾಣಿ ಕೇಳಿದಳು. ಎಲೆಗೆ ಮೊದಲು ಏನು ಬೀಳುತ್ತದೆ, ಆಮೇಲೆ ಏನು, ತುಪ್ಪ ಯಾವಾಗ, ಹಪ್ಪಳ ಯಾವಾಗ, ಎಲ್ಲವನ್ನೂ ಅವನು ಸರಿಯಾಗಿ ಹೇಳಿದ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವಳಿಗೆ ಖುಷಿಯೋ ಖುಷಿ. ಹೋಳಿಗೆ ಎಷ್ಟು ತಿಂದಿರಿ ಎಂದಳು.

ಎರಡು ಎಂದ.

ಸಿಹಿ ಜಾಸ್ತಿಯಾದರೆ ಹೊಟ್ಟೆ ಸಡಿಲಾಗುತ್ತದೆ, ಹುಷಾರು ಎಂದು ಅವಳು ಪ್ರೀತಿಯಿಂದ ಗದರಿಸಿದಳು.

"ಆಯ್ತು ಸಿಸ್ಟರ್," ಎಂದ ಪ್ರಭುದೇವ. "ಮುಂದಿನ್ ಸಲ ಒಂದೇ ತಿಂತೀನಿ."