ಪ್ರಭುದಾಸಪ್ಪನವರ ಮುಂಗಡ ಸ್ತೋತ್ರ

ರಾಣೆಬೆನ್ನೂರಿನ ನಮ್ಮ ಚರ್ಚಿನಲ್ಲಿ ಸಾಕ್ಷಿ ಹೇಳುವ ವೇಳೆ ಬಂತೆಂದರೆ ನಿವೃತ್ತ ಬಸ್ ಕಂಡಕ್ಟರ್ ಪ್ರಭುದಾಸಪ್ಪನವರು ಎದ್ದು ನಿಂತರೆಂದೇ ಅರ್ಥ. ಉಳಿದವರು ಆದದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದರೆ, ಇವರದು ಇನ್ನೂ ಆಗದ್ದಕ್ಕೆ ಮುಂಗಡ ಸ್ತೋತ್ರ. "ಅಯ್ಯನವರಿಗೆ ಇವತ್ತು ಪ್ರಸಂಗ ಲಗೂ ಮುಗಿಸೋ ಬುದ್ಧಿ ಕೊಟ್ಟಿದ್ದಕ್ಕ ಸ್ತೋತ್ರ" ಎಂದಾಗ ಪೀಠದ ಮೇಲೆ ಅಯ್ಯನವರು ಕೆಮ್ಮುತ್ತಾರೆ. "ಯಾರ ಮೊಬೈಲೂ ಬಡಕೊಳ್ಳದಂಗ ಕಾಯ್ದಿದ್ದಕ್ಕ ಸ್ತೋತ್ರ" ಎಂದಾಗ ಗಂಡಸರ ಕೈ ಜೇಬಿಗೆ ಹೋಗುತ್ತದೆ. ತಮ್ಮ ಬ್ಯಾಡಗಿ ಬೀಗರ ಸಿಟ್ಟು ಇಳಿಸಿದ್ದಕ್ಕೂ ಒಂದು ಸ್ತೋತ್ರ. ಆ ಬೀಗರು ಪಕ್ಕದ ಬೆಂಚಿನಲ್ಲೇ ಮುಖ ಕೆಂಪಗೆ ಮಾಡಿಕೊಂಡು ಕುಳಿತಿರುತ್ತಾರೆ. ಸ್ತೋತ್ರ ಮುಗಿಯುವುದರೊಳಗೆ ಶ್ರೋತೃಗಳೇ ಮುಗಿದಿರುತ್ತಾರೆ. ಕೊನೆಯ ಸ್ತೋತ್ರ ಮಾತ್ರ ಎರಡು ವರ್ಷದಿಂದ ಒಂದೇ: "ಲಕ್ವಾ ಹೊಡೆದು ಮಾತು ನಿಂತಿದ್ದ ನಮ್ಮ ಸುಗುಣಾಬಾಯಿಗೆ ಮತ್ತ ಮಾತು ಕೊಟ್ಟಿದ್ದಕ್ಕ ಸ್ತೋತ್ರ." ಹೆಂಡತಿ ಮನೆಯಲ್ಲಿ ಮೂಕಿಯಾಗಿ ಮಲಗಿರುವುದು ಗೊತ್ತಿದ್ದ ನಾವು ಆಮೆನ್ ಅನ್ನಲು ನಾಚಿ ನೆಲ ನೋಡುತ್ತಿದ್ದೆವು. ಕಳೆದ ಭಾನುವಾರ ಎದ್ದವರು ಮುಂಗಡ ಸ್ತೋತ್ರಗಳನ್ನೆಲ್ಲ ಬಿಟ್ಟರು. "ಮುಂಜಾನೆ ಮನ್ಯಾಗ ಪ್ರಾರ್ಥನೆ ಮಾಡಾಕತ್ತಿದ್ದೆ. ಆಕಿ, 'ಸಾಕು, ಸುಮ್ಮ ಕುಂದ್ರಿ' ಅಂದ್ಲು. ಸ್ತೋತ್ರ" ಎಂದಷ್ಟೇ ಹೇಳಿ ಕುಳಿತುಬಿಟ್ಟರು. ಇಷ್ಟು ವರ್ಷ ನಾವೆಲ್ಲ ಅನ್ನಬೇಕೆಂದು ನುಂಗಿಕೊಂಡಿದ್ದ ಮಾತಿಗೆ ಅಂದು ಇಡೀ ಚರ್ಚು ಆಮೆನ್ ಅಂದಿತು.