ವಾಚನಾಲಯದ ನಡುವಿನ ಕಂಬ

ಮೊನ್ನೆ ಹಳೇ ದಾವಣಗೆರೆಯ ಗಲ್ಲಿಯೊಂದರ ವಾಚನಾಲಯಕ್ಕೆ ಹೋಗಿದ್ದೆ. ಒಳಗೆ ಕಾಲಿಟ್ಟೊಡನೆ ಕೊಬ್ಬರಿ ಎಣ್ಣೆಯ ವಾಸನೆ. ಕೋಣೆಯ ನಟ್ಟನಡುವೆ ಒಂದು ಕಂಬ. ಪೇಪರು ಓದುವವರೆಲ್ಲ ಅದಕ್ಕೇ ತಲೆಯಾನಿಸಿ ಕೂತು ಕೂತು, ಕಂಬದ ಸುತ್ತ ಎಣ್ಣೆಯ ಕಪ್ಪು ಪಟ್ಟಿ ಬಿದ್ದಿದೆ. ಅದನ್ನು ಕಟ್ಟಿದ ಮೇಸ್ತ್ರಿ ನೆನಪಾದರು...

ಕುಕ್ಕುವಾಡದವರು. ತಲೆಗೆ ಟವೆಲ್ಲು, ಕಿವಿಯ ಮೇಲೆ ಪೆನ್ಸಿಲ್ಲು. ನಾನಾಗ ಹೊಸ ಇಂಜಿನಿಯರು. ನಕ್ಷೆ ಕಂಕುಳಲ್ಲಿದ್ದರೆ ಕಟ್ಟಡ ತಾನಾಗಿ ಏಳುತ್ತದೆಂದು ನಂಬಿದ್ದವಳು. ವಾಚನಾಲಯದ ಮೇಲೆ ಇನ್ನೊಂದು ಮಹಡಿ ಬೇಕಿತ್ತು. ಹಳೇ ಗೋಡೆಗಳು ಆ ಭಾರ ತಾಳುವಂತಿರಲಿಲ್ಲ, ಹೊಸ ಕಂಬ ಏಳಬೇಕು. ಜಾಗವೋ, ಪಕ್ಕದ ಮನೆಯ ಅಜ್ಜಿ ಸೀನಿದರೆ ನಮ್ಮ ಕಾಗದ ಹಾರುವಷ್ಟು ಇಕ್ಕಟ್ಟು. ಒಂದು ಕಂಬ ಅಜ್ಜಿಯ ಗೋಡೆಗೆ ಆತುಕೊಂಡೇ ಬರಬೇಕಿತ್ತು. ಅವರ ಪಾಯ ನಮ್ಮ ಕಡೆ ಎಷ್ಟು ಚಾಚಿದೆಯೆಂದು ಗುಂಡಿ ತೋಡಿ ನೋಡಿರೆಂದು ನಮ್ಮ ಆಫೀಸಿನ ಸಾಹೇಬರು ಹೇಳಿದ್ದರು.

ಅಜ್ಜಿ ನನ್ನನ್ನು ಒಳಗೆ ಕರೆದು ಮಂಡಕ್ಕಿ, ಮಿರ್ಚಿ ಕೊಟ್ಟರು. "ಗುಂಡಿ ಯಾಕವ್ವ? ನಮ್ಮ ಮಾವನೋರು ಹಾಕ್ಸಿದ ಪಾಯ. ಗೆರೆ ಹೊಡದಂಗೆ ನೆಟ್ಟಗೈತೆ."

ಮೂರನೇ ಮಿರ್ಚಿಯ ಹೊತ್ತಿಗೆ ನನಗೂ ಹಾಗೇ ಅನ್ನಿಸಿತು. ಗುಂಡಿ ಬೇಡವೆಂದೆ. "ಒಂದ್ ಸಲ ನೋಡಾಣ್ರಿ ಮೇಡಂ," ಎಂದು ಮೇಸ್ತ್ರಿ ಗುದ್ದಲಿ ಹಿಡಿದೇ ನಿಂತಿದ್ದರು. ನಾನು ಕೈಯೊರೆಸಿಕೊಂಡು, ಪಾಯ ನೇರವಿದೆ ಎಂದು ಬರೆದುಬಿಟ್ಟೆ.

ಕಂಬಕ್ಕೆ ಅಗೆದ ದಿನ ನೋಡಿದರೆ, ಮಾವನವರ ಪಾಯ ನಮ್ಮ ಕಡೆಗೆ ಧಾರಾಳವಾಗಿ ಹೊಟ್ಟೆ ಬಿಟ್ಟುಕೊಂಡಿತ್ತು. ಒಂದು ಕಲ್ಲು ತೆಗೆದರೂ ಅಜ್ಜಿಯ ಗೋಡೆ, ಉಪ್ಪಿನಕಾಯಿ ಭರಣಿಗಳ ಸಮೇತ, ನಮ್ಮ ಮೇಲೆ. ಕಂಬವನ್ನು ಒಳಕ್ಕೆ ಸರಿಸಿ, ಮೇಲಿನ ತೊಲೆಯನ್ನು ಗೋಡೆಯವರೆಗೆ ಚಾಚುವುದೊಂದೇ ದಾರಿ. ಕೋಣೆ ಚಿಕ್ಕದು, ಕಂಬ ಪೇಪರಿನ ಮೇಜಿದ್ದಲ್ಲಿಗೇ ಬಂತು.

ಸಾಹೇಬರು ಕೆಂಡವಾದರು. "ಗುಂಡಿ ತೋಡಿದ್ರಾ, ಇಲ್ವಾ?"

ನನ್ನ ಕೆಲಸ ಹೋಯಿತೆಂದುಕೊಂಡೆ. ಮೇಸ್ತ್ರಿ ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದರು. "ಮೇಡಂ ತೋಡು ಅಂತ ಹೇಳಿದ್ರು ಸಾಹೇಬ್ರ. ನಾನೇ ತೋಡ್ಲಿಲ್ಲ, ತೋಡಿ ನೋಡೀನಿ ಅಂದ್ಬಿಟ್ಟೆ."

ನಾನು ಬಾಯಿ ಬಿಡಲಿಲ್ಲ. ಹರಿಹರದಲ್ಲಿ ಶಾಲೆಯೊಂದಕ್ಕೆ ಮಹಡಿ ಕಟ್ಟುವ ಕೆಲಸ ಈ ಮೇಸ್ತ್ರಿಗೇ ಎಂದಾಗಿತ್ತು. ಅದು ಬೇರೆ ಮೇಸ್ತ್ರಿಯ ಪಾಲಾಯಿತು. ಹೀಗೇಕೆ ಮಾಡಿದಿರೆಂದು ಆಮೇಲೆ ಕೇಳಿದೆ. "ನೀವು ಹೊಸಬ್ರು. ನಂಗಾದ್ರೆ ಊರಾಗೆ ಎರಡು ಎಮ್ಮೆ ಅದಾವ," ಎಂದು ನಕ್ಕರು. ಸಾಹೇಬರಿಗೆ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡೆ... ಸಾಹೇಬರು ನಿವೃತ್ತರಾದರು. ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಯಿತೆಂದು ತಡವಾಗಿ ತಿಳಿಯಿತು.

ಮೊನ್ನೆ ನಾನು ಕಂಬವನ್ನೇ ನೋಡುತ್ತ ನಿಂತದ್ದು ಕಂಡು ವಾಚನಾಲಯದವರು, "ಯಾರೋ ಮೇಸ್ತ್ರಿ ಮಾಡಿದ್ ತಪ್ಪಂತೆ ಮೇಡಂ," ಎಂದರು.

"ಮೇಸ್ತ್ರಿ ತಪ್ಪಲ್ಲ. ಗುಂಡಿ ಬೇಡ ಅಂದವಳು ನಾನು."

ಸಾಹೇಬರಿಗೆ ಅಂದೇ ಹೇಳಬೇಕಿದ್ದ ಮಾತು. ಅವರು ಪೇಪರು ಮಡಚಿದರು, ಅಷ್ಟೇ. "ಹೋಗ್ಲಿ ಬಿಡ್ರಿ, ಈಗ ಯಾರ್ ಕೇಳ್ತಾರ? ಕೂಡ್ರಿ."

ಕೂತೆ. ಕಂಬಕ್ಕೆ ತಲೆಯಾನಿಸಿದೆ. ಎದ್ದಾಗ ನನ್ನ ತಲೆಯ ಎಣ್ಣೆಯೂ ಅಲ್ಲಿ ಒಂದಿಷ್ಟು ಹತ್ತಿತ್ತು.